ಡಂಪರಿನ ಶಂಖ

ಜಮಾಲಸಾಬನ ಉಸಿರಿಗೆ ಮುಂಬಯಿಯ ಪವಾಯಿ ಕಲ್ಲುಗಣಿಗಳಲ್ಲಿ ಒಂದು ಕಾಲಕ್ಕೆ ಹೆಸರಿತ್ತು. ಉಸಿರಿಗೂ ಹೆಸರು ಬರುತ್ತದೆಯೇ ಎಂದು ಯಾರಾದರೂ ನಕ್ಕರೆ, ಅವರು ಎಂದೂ ಡೀಸೆಲ್ ಪೈಪಿಗೆ ಬಾಯಿ ಹಚ್ಚಿದವರಲ್ಲ ಎಂದು ತಿಳಿಯಬೇಕು. ಗಣಿಯಲ್ಲಿ ಯಾವ ಲಾರಿ ನಿಂತರೂ, ಯಾವ ಪಂಪು ಮುನಿಸಿಕೊಂಡರೂ ಜಮಾಲಸಾಬ ಮೊದಲು ಪಾನಾ ಹಿಡಿದು ನಟ್ಟುಗಳೊಂದಿಗೆ ಗುದ್ದಾಡುತ್ತಿರಲಿಲ್ಲ. ಪೈಪು ಬಿಚ್ಚಿ, ತುದಿಯನ್ನು ಲುಂಗಿಯಿಂದ ಒರೆಸಿ, ಬಾಯಿಗಿಟ್ಟು ಊದುತ್ತಿದ್ದ. ಇನ್ನೊಂದು ತುದಿ ಎಡಗೈಯ ಮಣಿಕಟ್ಟಿನ ಹತ್ತಿರ ಇರುತ್ತಿತ್ತು. ಗಾಳಿ ಚರ್ಮಕ್ಕೆ ತಾಗಿದ ಬಗೆಯಲ್ಲೇ ಅವನಿಗೆ ಎಲ್ಲ ತಿಳಿಯುತ್ತಿತ್ತು: ದಾರಿ ಸಾಫಾಗಿದೆಯೋ, ಅರ್ಧ ಕಟ್ಟಿದೆಯೋ, ನಡುವೆ ಎಲ್ಲೋ ಸೀಳಿದೆಯೋ. ಈ ಊದುವಿಕೆ, ಜಮಾಲನ ಫೂಂಕು, ಆಯಿತೆಂದರೆ ಆ ವಿಷಯದಲ್ಲಿ ಬೇರೆ ಮಾತಿಲ್ಲ ಎಂದು ಡ್ರೈವರುಗಳು ನಂಬಿದ್ದರು.

ಹೆಂಡತಿ ಬೀಬೀಜಾನಳಿಗೆ ಮಾತ್ರ ಈ ಕಸುಬು ಸೇರುತ್ತಿರಲಿಲ್ಲ. ಮುಂಬಯಿಗೆ ಬಂದಂದಿನಿಂದ ಗಂಡನ ಮೀಸೆಗೆ ಡೀಸೆಲ್ ವಾಸನೆ. ಅತ್ತರು ಹಚ್ಚಿದ ಹಬ್ಬದ ದಿನವೂ ಅತ್ತರಿನ ಕೆಳಗಿಂದ ಡೀಸೆಲ್ಲೇ ಬರುತ್ತಿತ್ತು. ಇಷ್ಟು ವರ್ಷ ಕುಡಿದ ಎಣ್ಣೆಗೆ ನಿಮ್ಮನ್ನೇ ಲಾರಿಗೆ ಕಟ್ಟಿದರೆ ಪುಣೆ ಮುಟ್ಟಿ ಬರಬಹುದು ಎಂದು ಅವಳು ಛೇಡಿಸುತ್ತಿದ್ದಳು. ಅವನು ನಗುತ್ತಿದ್ದ. ಅವನು ನಕ್ಕಾಗ ಬರುವ ಕೆಮ್ಮು ಮೊದಮೊದಲು ನಗೆಯ ಬಾಲದಂತೆ ಇತ್ತು. ಆಮೇಲೆ ನಗೆ ಸಣ್ಣದಾಗುತ್ತ ಬಂತು, ಕೆಮ್ಮು ದೊಡ್ಡದಾಗುತ್ತ ಬಂತು.

ಅವನ ಅಪ್ಪ ತಾಳಿಕೋಟಿಯ ಕಡೆ ಊರೂರು ತಿರುಗಿ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದವನು. ಚರ್ಮದ ತಿದಿ ಹರಿದಾಗ ಹೊಸದು ತರಲು ಆಗದೆ ಮಗನ ಕೈಗೆ ಕಬ್ಬಿಣದ ಕೊಳವೆ ಕೊಟ್ಟು, ಊದು ಎಂದಿದ್ದ. ಜಮಾಲ ಊದಿದ. ಊರಿನ ಹಿತ್ತಾಳೆಯೆಲ್ಲ ಅವನ ಎದೆಯ ಗಾಳಿಯಲ್ಲಿ ಬೆಳ್ಳಗಾಯಿತು. ಮುಂದೆ ಮನೆಮನೆಗೆ ಸ್ಟೀಲಿನ ಪಾತ್ರೆ ಬಂದು ಕಲಾಯಿಯ ಕಸುಬು ನೆಲ ಕಚ್ಚಿದಾಗ, ಹೊಸ ಹೆಂಡತಿಯನ್ನು ಕಟ್ಟಿಕೊಂಡು ಧಾರಾವಿಗೆ ಬಂದು ಚರ್ಮ ಹದಮಾಡುವವರ ಗಲ್ಲಿಯ ಹಿಂದೆ ಒಂದು ಖೋಲಿ ಹಿಡಿದ. ಗಣಿಯಲ್ಲಿ ಲಾರಿ ತೊಳೆಯುವವನಾಗಿ ಸೇರಿ, ನೋಡಿ ನೋಡಿಯೇ ಫಿಟ್ಟರ್ ಆದ.

ಗಣಿ ಎಂದರೆ ಧೂಳು. ಬಂಡೆಗೆ ಸಿಡಿಮದ್ದು ತುಂಬಿ ಸುರಂಗ ಹಾರಿಸಿದಾಗ ಧೂಳು, ಕ್ರಷರ್ ತಿರುಗಿದಾಗ ಧೂಳು, ಏನೂ ಇಲ್ಲದಾಗ ಗಾಳಿ ಬೀಸಿದರೆ ಬಿದ್ದ ಧೂಳೇ ಎದ್ದು ಬರುತ್ತಿತ್ತು. ಸಂಜೆ ಮನೆಗೆ ಬಂದ ಜಮಾಲಸಾಬನನ್ನು ಬೀಬೀಜಾನ ಹೊಸಲಿನ ಹೊರಗೇ ನಿಲ್ಲಿಸಿ ನೀರು ಸುರಿಯುತ್ತಿದ್ದಳು. ನೀರು ಹಾಲಿನಂತೆ ಹರಿದು ಗಟಾರ ಸೇರುತ್ತಿತ್ತು. ಮೈಯ ಹೊರಗಿನದನ್ನು ಅವಳು ತೊಳೆಯಬಲ್ಲಳು, ಒಳಗಿನದಕ್ಕೆ ಅವಳ ಕೈ ಹೋಗುವಂತಿರಲಿಲ್ಲ. ಈಚೀಚೆಗೆ ಸಾಯನ್ ಸ್ಟೇಷನ್ನಿನ ಬ್ರಿಜ್ ಹತ್ತುವಾಗ ಅವನು ನಡುವೆ ನಿಂತು, ಜನ್ಮದಲ್ಲಿ ಲೋಕಲ್ ಗಾಡಿಯನ್ನೇ ಕಾಣದವನ ಹಾಗೆ ಕೆಳಗೆ ಹೋಗುವ ಗಾಡಿಗಳನ್ನು ನೋಡುತ್ತಿದ್ದ. ಅವಳೂ ಪಕ್ಕದಲ್ಲಿ ನಿಂತು ಗಾಡಿ ನೋಡುತ್ತಿದ್ದಳು. ದಮ್ಮು ಹತ್ತಿದೆ ಎಂದು ಅವನು ಹೇಳಲಿಲ್ಲ, ಅವಳು ಕೇಳಲಿಲ್ಲ. ಉಸಿರಿನಿಂದಲೇ ಬದುಕುವವನ ಉಸಿರು ಹೋಗುತ್ತಿದೆ ಎಂದು ಯಾವ ಬಾಯಿಂದ ಹೇಳುವುದು?

ಡಂಪರನ್ನು ಗಣಿಯ ಸೇಠ್ ಹರಾಜಿನಲ್ಲಿ ತಂದಿದ್ದ. ಯಾವುದೋ ಅಣೆಕಟ್ಟಿನ ಕೆಲಸ ಮುಗಿಸಿ ಮೂಲೆಗೆ ಬಿದ್ದಿದ್ದ ವಿಲಾಯತಿ ಗಾಡಿ ಅದು. ಅದನ್ನು ನಡೆಸುತ್ತಿದ್ದವನು ಬಂಡೆಪ್ಪ. ಸಿಂದಗಿಯ ಕಡೆ ಬೀಬೀಜಾನಳ ತವರೂರಿನವನು, ಅವಳ ಓಣಿಯಲ್ಲೇ ಆಡಿ ಬೆಳೆದವನು. ಜಾತಿ ಬೇರೆಯಾದರೂ ಊರಿನ ಲೆಕ್ಕದಲ್ಲಿ ಅವಳು ಅವನಿಗೆ ಅಕ್ಕ, ಆದ್ದರಿಂದ ಜಮಾಲಸಾಬ ಮಾಮಾ. ಗಣಿಯಲ್ಲಿ ಅವನಿಗೆ ಕೆಲಸ ಕೊಡಿಸಿದವನೂ ಆ ಮಾಮಾನೇ. ನಾಗರ ಪಂಚಮಿ ಬಂದರೆ ತವರಿನ ಅಣ್ಣತಮ್ಮಂದಿರು ಉಂಡಿ ಕಟ್ಟಿಕೊಂಡು ಹೆಣ್ಣುಮಕ್ಕಳ ಮನೆಗೆ ಹೋಗುವುದು ಆ ಕಡೆಯ ಪದ್ಧತಿ. ಧಾರಾವಿಯ ಮುಸಲ್ಮಾನರ ಖೋಲಿಗೆ ಪಂಚಮಿ ಯಾಕೆ ಬರಬೇಕು? ಆದರೂ ಪ್ರತಿ ಶ್ರಾವಣಕ್ಕೆ ಬಂಡೆಪ್ಪ ಮಳೆಯಲ್ಲಿ ತೊಯ್ದು ತೊಪ್ಪೆಯಾಗಿ ಬಂದು, ಹೆಂಡತಿ ಭಾಗವ್ವ ಕಟ್ಟಿದ ಎಳ್ಳುಂಡಿ, ಶೇಂಗಾದುಂಡಿಗಳ ಡಬ್ಬಿಯನ್ನು ಅಕ್ಕನ ಮುಂದೆ ಇಡುತ್ತಿದ್ದ. ಬೀಬೀಜಾನ ಅದನ್ನು ನೆರೆಯವರಿಗೆಲ್ಲ ಹಂಚಿ, ತನಗೂ ತವರಿದೆ ಎಂದು ತೋರಿಸಿಕೊಳ್ಳುತ್ತಿದ್ದಳು.

ಆ ಡಂಪರಿನ ಎಂಜಿನ್ನಿನ ಮಗ್ಗುಲಲ್ಲಿ ಬಸವನಹುಳುವಿನಂತೆ ಸುತ್ತಿಕೊಂಡ ಒಂದು ಕಬ್ಬಿಣದ ಗಡ್ಡೆ ಇತ್ತು. ಟರ್ಬೋ ಎಂದು ಅದರ ಹೆಸರು. ಬಂಡೆಪ್ಪ ಅದಕ್ಕೆ ಶಂಖ ಎಂದು ಕರೆದ, ಗಣಿಯಲ್ಲಿ ಅದೇ ಹೆಸರು ನಿಂತಿತು. ಎಂಜಿನ್ನು ಉಗುಳಿದ ಹೊಗೆ ಶಂಖದ ಒಂದು ಬದಿಯ ಚಕ್ರವನ್ನು ತಿರುಗಿಸುತ್ತದೆ. ಅದೇ ಸರಳಿನ ಇನ್ನೊಂದು ತುದಿಯಲ್ಲಿರುವ ಚಕ್ರ ಹೊರಗಿನ ಗಾಳಿಯನ್ನು ಎಳೆದೆಳೆದು ಎಂಜಿನ್ನಿನ ಎದೆಗೆ ತುಂಬುತ್ತದೆ. ಶಂಖ ನೆಟ್ಟಗಿದ್ದರೆ ಡಂಪರು ಬಂಡೆ ಹೊತ್ತು ಏರು ಹತ್ತುವಾಗ ಸಿಳ್ಳೆ ಹಾಕುತ್ತಿತ್ತು. ಆ ಸಿಳ್ಳೆ ಕೇಳಿದರೆ ಕೆಳಗೆ ಕಲ್ಲು ಒಡೆಯುತ್ತಿದ್ದ ಭಾಗವ್ವ ಸುತ್ತಿಗೆ ನಿಲ್ಲಿಸಿ ಒಮ್ಮೆ ಮೇಲೆ ನೋಡುತ್ತಿದ್ದಳು.

ರೈಲು ಮುಷ್ಕರದ ಬೇಸಿಗೆಯಲ್ಲಿ ಆ ಸಿಳ್ಳೆ ಚೀರಾಟವಾಯಿತು. ಡಂಪರು ಕಪ್ಪು ಹೊಗೆ ಕಾರಿ, ಏರಿನಲ್ಲಿ ಮುದಿ ಎತ್ತಿನಂತೆ ನಿಂತುಬಿಟ್ಟಿತು. ಅದಕ್ಕೆ ಬೇಕಾದ ಸಾಮಾನು ಹಡಗಿನಲ್ಲಿ ಬರಬೇಕು, ಬರಲು ಸರಕಾರದ ಪರವಾನಗಿ ಬೇಕು. ಮಳೆಗಾಲಕ್ಕೆ ಮುಂಚೆ ಗಾಡಿ ಏಳದಿದ್ದರೆ ಭಂಗಾರಕ್ಕೆ, ಅಂದರೆ ಗುಜರಿಗೆ, ಹಾಕಿ ಡ್ರೈವರನನ್ನೂ ಬಿಡಿಸುವುದಾಗಿ ಸೇಠ್ ಹೇಳಿದ. ಬಂಡೆಪ್ಪನ ಮುಖ ಸಪ್ಪಗಾಯಿತು. ಜಮಾಲಸಾಬ ಮಾತ್ರ, ಒಳಗೆ ಸರಳು ಕೂರುವ ಬುಷ್ ಸವೆದಿರಬೇಕು ಅಷ್ಟೇ, ನಾನೇ ಬಿಚ್ಚಿ ಕಟ್ಟುತ್ತೇನೆ ಎಂದ. ಅವನಿಗೂ ಅದು ಬೇಕಾಗಿತ್ತು. ಗಣಿಯಲ್ಲಿ ಈಚೆಗೆ ಅವನ ಕೆಮ್ಮನ್ನು ಕುರಿತು ಗುಸುಗುಸು ಶುರುವಾಗಿತ್ತು.

ಗಣಿಯಲ್ಲಿ ಶಂಖ ಬಿಚ್ಚುವಂತಿರಲಿಲ್ಲ. ಒಂದು ಕಣ ಧೂಳು ಒಳಗೆ ಸೇರಿದರೂ ಕೆಲಸ ಹಾಳು. ಆದ್ದರಿಂದ ಜಮಾಲಸಾಬ ಅದನ್ನು ಗೋಣಿತಟ್ಟಿನಲ್ಲಿ ಸುತ್ತಿ, ಬಂಡೆಪ್ಪನ ಹೆಗಲ ಮೇಲೆ ಹೊರಿಸಿಕೊಂಡು ಧಾರಾವಿಗೆ ತಂದ. ಅವನು ಕಂಡಂತೆ ಇಡೀ ಮುಂಬಯಿಯಲ್ಲಿ ಧೂಳಿಲ್ಲದ ಜಾಗ ಒಂದೇ, ಬೀಬೀಜಾನಳ ಅಡುಗೆಯ ಮೂಲೆ. ಸುತ್ತ ಚರ್ಮದ ನಾತ, ಗಟಾರ, ನೊಣ, ಆದರೆ ಅವಳ ನೆಲದ ಮೇಲೆ ಅನ್ನ ಬಿದ್ದರೆ ಎತ್ತಿ ತಿನ್ನಬಹುದಾಗಿತ್ತು.

"ನನ್ನ ಅಡಗಿ ಮನಿಯೊಳಗ ಈ ಭೂತ ಬ್ಯಾಡ," ಎಂದಳು ಬೀಬೀಜಾನ, ತಮ್ಮನಿಗೆ ತಿಳಿಯಲಿ ಎಂದು ಕನ್ನಡದಲ್ಲೇ.

"ಅಕ್ಕಾ, ಇದು ಭೂತ ಅಲ್ಲ, ನನ್ನ ರೊಟ್ಟಿ," ಎಂದ ಬಂಡೆಪ್ಪ. ಅವಳು ಹಳೆಯ ಬಿಳಿ ಓಢಣಿಯೊಂದನ್ನು ತಂದು ನೆಲಕ್ಕೆ ಹಾಸಿದಳು.

ಆ ಬೇಸಿಗೆ ಸೀಮೆಎಣ್ಣೆಗೆ ಉದ್ದುದ್ದ ಸಾಲು. ಬೀಬೀಜಾನ ಬಿಸಿಲಲ್ಲಿ ನಿಂತು ರೇಷನ್ನಿನಲ್ಲಿ ತಂದ ಎಣ್ಣೆಯೆಲ್ಲ ಶಂಖ ತೊಳೆಯಲು ಹೋಯಿತು. ಅವಳು ಸ್ಟವ್ ಮೂಲೆಗಿಟ್ಟು, ಚರ್ಮದ ಕಾರಖಾನೆಯ ಪೆಟ್ಟಿಗೆಯ ಹಲಗೆಗಳನ್ನು ಒಡೆದು ಒಲೆ ಹಚ್ಚಿ, ಊದುಗೊಳವೆಯಿಂದ ಊದಿ ಊದಿ ಕಣ್ಣು ಕೆಂಪು ಮಾಡಿಕೊಂಡಳು. ಅತ್ತ ಗಂಡ ಓಢಣಿಯ ಮೇಲೆ ಒಂದೊಂದೇ ಭಾಗ ಬಿಚ್ಚಿಟ್ಟ. ಗಾಳಿಯ ಚಕ್ರದ ಅಂಚನ್ನು ಕಲ್ಲಿನ ಧೂಳು ಇಲಿ ಕಡಿದ ರೊಟ್ಟಿಯಂತೆ ತಿಂದುಹಾಕಿತ್ತು. ಸಂದುಗೊಂದುಗಳಲ್ಲೆಲ್ಲ ಧೂಳು ಎಣ್ಣೆಯಲ್ಲಿ ನಾದಿಕೊಂಡು ಬೂದು ಹಿಟ್ಟಾಗಿ ಕೂತಿತ್ತು. ಬೀಬೀಜಾನ ಅದನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಬೆಳಗ್ಗೆ ಗಂಡ ಕೆಮ್ಮಿ ಉಗುಳುವುದೂ ಇದೇ ಬಣ್ಣದ್ದು. ಕಬ್ಬಿಣವನ್ನೇ ತಿಂದದ್ದು ಮಾಂಸವನ್ನು ಬಿಡುತ್ತದೆಯೇ ಎಂದು ಅವಳಿಗೆ ಅನಿಸಿತು.

ಕುರ್ಲಾದಲ್ಲಿ ಲೇಥ್ ಇಟ್ಟುಕೊಂಡಿದ್ದ ಮಂಗಳೂರಿನ ಅಣ್ಣು ಹೊಸ ಹಿತ್ತಾಳೆಯ ಬುಷ್‌ಗಳನ್ನು ಕಡೆದುಕೊಟ್ಟ. ಚಕ್ರದ ಅಂಚನ್ನು ಜಮಾಲಸಾಬ ಎದುರುಬದುರು ಒಂದೇ ಸಮ ಅರದಿಂದ ತೀಡಿದ. ಇನ್ನು ಉಳಿದದ್ದು ಎಣ್ಣೆಯ ತೂತು. ನಡುವಿನ ಸರಳು ಕಣ್ಣಿಗೆ ಕಾಣದ ವೇಗದಲ್ಲಿ ತಿರುಗುವಂಥದ್ದು, ಅದಕ್ಕೆ ಎಂಜಿನ್ನಿನಿಂದ ಎಣ್ಣೆ ಬರುವುದು ಒಂದು ಸಣ್ಣ ತೂತಿನ ಮೂಲಕ. ಎಣ್ಣೆ ಬರದಿದ್ದರೆ ಹೊಸ ಬುಷ್ ಒಂದು ಗಳಿಗೆಯಲ್ಲಿ ಸುಟ್ಟುಹೋಗುತ್ತದೆ ಎಂದು ಅವನು ಹೆಂಡತಿಗೆ ವಿವರಿಸಿ, ತೂತನ್ನು ಒರೆಸಿ, ಬಾಯಿ ಹಚ್ಚಿ ಊದಿದ. ಮಣಿಕಟ್ಟಿಗೆ ಗಾಳಿ ತಾಗಲಿಲ್ಲ.

ಮತ್ತೆ ಊದಿದ. ಕೊರಳಿನ ನರ ಉಬ್ಬಿದವು, ಮುಖ ನೇರಳೆಯಾಯಿತು. ಗಾಳಿ ಹೋಗಲಿಲ್ಲ. ಕೆಮ್ಮು ಬಂತು, ಗೋಡೆಗೆ ಒರಗಿ ಕೂತು ಕೆಮ್ಮಿದ. ಸೀಮೆಎಣ್ಣೆ ಹೊಯ್ದು ನೋಡಿದರೆ ತೊಟ್ಟುತೊಟ್ಟಾಗಿ ಇಳಿಯಿತು. ಹೊಸ ಶಂಖದಲ್ಲೂ ಅಷ್ಟೇ ಇಳಿಯುತ್ತದೆಂದು ಅವನಿಗೆ ಹೇಗೆ ತಿಳಿಯಬೇಕು, ಹೊಸದನ್ನು ಅವನು ಕಂಡೇ ಇರಲಿಲ್ಲ. ತಂತಿ ಹಾಕಿದರೆ ಒಳಗಿನ ತಿರುವಿನಲ್ಲಿ ನಿಂತಿತು. "ನೈ ಜಾರೈ," ಎಂದು ತನಗೆ ತಾನೇ ದಖನಿಯಲ್ಲಿ ಗೊಣಗಿದ, ಹೋಗುತ್ತಿಲ್ಲ ಎಂದು. ಸುಟ್ಟ ಎಣ್ಣೆಯ ಮಸಿ ಒಳಗೆ ಕಲ್ಲಾಗಿ ಕೂತಿದೆ ಎಂದು ತೀರ್ಮಾನಿಸಿದ.

ಒಲೆಯ ಮುಂದಿದ್ದ ಬೀಬೀಜಾನ ಇತ್ತ ಕೊಡಿ, ದಿನವಿಡೀ ಊದುವವಳು ನಾನು, ನಾನೊಮ್ಮೆ ನೋಡುತ್ತೇನೆ ಎಂದಳು. ಅವನು ಅವಳನ್ನು ನೋಡಿದ ನೋಟಕ್ಕೆ ಅವಳು ಬಾಯಿ ಮುಚ್ಚಿಕೊಂಡಳು. ಜಮಾಲಸಾಬನ ಫೂಂಕಿನ ಮೇಲೆ ಇನ್ನೊಬ್ಬರ ಫೂಂಕು, ಅದೂ ಹೆಂಡತಿಯದು! ಅವನು ಶಂಖದ ನಡುವಿನ ಗಡ್ಡೆಯನ್ನು ಬಟ್ಟೆಯಲ್ಲಿ ಕಟ್ಟಿಟ್ಟು ಮಲಗಿಬಿಟ್ಟ.

ಮರುದಿನ ಅವನು ಗಣಿಗೆ ಹೋದ ಮೇಲೆ ಬೀಬೀಜಾನ ಆ ಗಂಟು ಬಿಚ್ಚಿದಳು. ಬಾಗಿಲು ಮುಂದೆ ಮಾಡಿ, ಆ ತೂತಿಗೆ ತುಟಿ ಹಚ್ಚಿ, ಇನ್ನೊಂದು ಬದಿಗೆ ಗಂಡನ ಹಾಗೆಯೇ ಮಣಿಕಟ್ಟು ಹಿಡಿದು ಊದಿದಳು. ಸೂಜಿಯಂಥ ತಣ್ಣನೆಯ ಗಾಳಿ ಅವಳ ಚರ್ಮಕ್ಕೆ ಚುಚ್ಚಿತು. ಇನ್ನೊಮ್ಮೆ ಊದಿದಳು, ಒಲೆ ಊದುವಾಗಿನ ಅರ್ಧದಷ್ಟೂ ಬಲ ಹಾಕದೆ. ಗಾಳಿ ಸಲೀಸಾಗಿ ಹೋಯಿತು. ಆ ತೂತಿನಲ್ಲಿ ಮಸಿ ಇರಲಿಲ್ಲ, ಏನೂ ಇರಲಿಲ್ಲ. ಕಟ್ಟಿಕೊಂಡಿದ್ದು ಬೇರೆ ಕಡೆ.

ಅವಳು ಅಲ್ಲೇ ಕೂತು ಅತ್ತಳು. ಹತ್ತಿರದಲ್ಲಿ ಯಾರೂ ಇರಲಿಲ್ಲವಾದರೂ ಅಭ್ಯಾಸಬಲದಿಂದ ಒಲೆಯ ಹೊಗೆಯನ್ನು ಬೈದಳು. ಬ್ರಿಜ್ಜಿನ ಮೇಲೆ ನಿಂತು ಗಾಡಿ ನೋಡಿದ್ದೆಲ್ಲ ಈಗ ಒಟ್ಟಿಗೆ ಎದುರಿಗೆ ಬಂದು ನಿಂತಿತು. ಇಷ್ಟು ದಿನ ಅದು ಅನುಮಾನವಾಗಿತ್ತು, ಅನುಮಾನದ ಜೊತೆ ಹೇಗೋ ಬಾಳಬಹುದು. ಕಣ್ಣೊರೆಸಿಕೊಂಡು ಗಡ್ಡೆಯನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿ, ರೊಟ್ಟಿಯ ಬುತ್ತಿಗೆ ಕಟ್ಟುವ ಹಾಗೆ ಗಂಟು ಹಾಕಿಟ್ಟಳು.

ಹೇಳಬೇಕೆಂದೇ ಇದ್ದಳು. ಸಂಜೆ ಅವನು ಬಂದು, ಮೈಗೆ ನೀರು ಹಾಕಿಸಿಕೊಂಡು, ಒಳಗೆ ಬರುವ ಮುಂಚೆ ಹೊಸಲಿನ ಮೇಲೆ ಬಹಳ ಹೊತ್ತು ಕೂತ. ಆಮೇಲೆ, ನಾಳೆ ಅಣ್ಣುವಿನ ಹತ್ತಿರ ಒಯ್ದು ತೂತನ್ನು ಬರಮಾದಿಂದ ಕೊರೆಸುತ್ತೇನೆ, ಮಸಿ ಹೋದರೆ ಕೆಲಸ ಮುಗಿಯಿತು ಎಂದ.

"ಕಟ್ಟಿರದಿದ್ರ?" ಎಂದಳು ಬೀಬೀಜಾನ.

ಅವನು ತಲೆ ಎತ್ತಿದ. "ಕಟ್ಟಿರದಿದ್ರ ನನ್ನ ಉಸಿರು ಯಾಕ ಹೋಗವಲ್ದು?"

ಅವನ ಕಣ್ಣಲ್ಲಿ ಸಿಟ್ಟಿರಲಿಲ್ಲ. ಬೇಡ, ಅದನ್ನು ಹೇಳಬೇಡ ಎಂದು ಕೈಮುಗಿದ ಹಾಗೆ ಇತ್ತು ಆ ನೋಟ. ಉತ್ತರ ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಅವಳು ಅದನ್ನು ನುಂಗಿ ರೊಟ್ಟಿ ಬಡಿಸಿದಳು. ಕೊರೆಸಲಿ, ಅದರಿಂದ ಏನು ಕೆಡುತ್ತದೆ ಎಂದುಕೊಂಡಳು. ಮೋರಿಯ ತೂತು ದೊಡ್ಡದಾದರೆ ನೀರು ಚೆನ್ನಾಗಿಯೇ ಹೋಗುತ್ತದೆ. ಎಣ್ಣೆ ಬರದಿದ್ದರೆ ಸುಡುತ್ತದೆ ಎಂದು ಅವನೇ ಹೇಳಿದ್ದ, ಇನ್ನಷ್ಟು ಬಂದರೆ ಒಳ್ಳೆಯದೇ ಅಲ್ಲವೇ? ಅಡುಗೆಯ ಮೂಲೆಯಲ್ಲಿ ಬಾಳಿದವಳ ಬುದ್ಧಿ ಅಷ್ಟು ದೂರ ಹೋಯಿತು, ಅದರಾಚೆ ಹೋಗಲಿಲ್ಲ. ಅದಕ್ಕೆ ಅವಳನ್ನು ಯಾವ ನ್ಯಾಯದಲ್ಲಿ ದೂರುವುದೋ ನನಗೆ ತಿಳಿಯದು.

ಅಣ್ಣು ಬರಮಾ ಹಚ್ಚಿ ಎರಡೂ ಕಡೆಯಿಂದ ಸ್ವಲ್ಪ ಕೊರೆದು, ಬಿದ್ದ ಪುಡಿಯನ್ನು ಅಂಗೈಯಲ್ಲಿ ಹಿಡಿದು ಬಿಸಿಲಿಗೆ ನೋಡಿದನಂತೆ.

"ಇದು ಮಸಿ ಅಲ್ಲ ಮಾರಾಯ್ರೆ, ಕಬ್ಬಿಣವೇ ಬರ್ತಾ ಉಂಟು. ಕಂಪನಿಯವರು ಇಷ್ಟು ಸಣ್ಣ ಇಟ್ಟದ್ದು ಏನಾದ್ರೂ ಕಾರಣಕ್ಕೇ ಇರ್ಬೇಕು."

ಜಮಾಲಸಾಬ ಗಡ್ಡೆಯನ್ನು ಕೈಗೆ ತೆಗೆದುಕೊಂಡು ಊದಿದ. ಹೋಗಲಿಲ್ಲ. ಕಂಪನಿ ಇಟ್ಟ ತೂತಿನಲ್ಲಿ ಜಮಾಲನ ಫೂಂಕು ಹೋಗದೆ ಇರುತ್ತದೆಯೇ, ಇನ್ನೂ ಹೊಡಿ ಎಂದ. ಅಣ್ಣು ದೊಡ್ಡ ಬರಮಾ ಹಾಕಿದ. ಜಮಾಲಸಾಬ ಊದಿದ, ಅಣ್ಣು ಕೊರೆದ, ಜಮಾಲಸಾಬ ಮತ್ತೆ ಊದಿದ. ಕೊನೆಗೆ ಅವನ ಮಣಿಕಟ್ಟಿಗೆ ಗಾಳಿ ತಾಗಿತು. ಅವನ ಎದೆಯಲ್ಲಿ ಎಷ್ಟು ಉಸಿರು ಉಳಿದಿತ್ತೋ ಅದಕ್ಕೆ ತಕ್ಕಷ್ಟು ದೊಡ್ಡದಾಗಿತ್ತು ಆ ತೂತು. ಮನೆಗೆ ಬಂದು ಇದನ್ನೆಲ್ಲ ಅವನು ನಗುತ್ತ ಹೇಳಿದ. ಎಷ್ಟೋ ದಿನಗಳ ಮೇಲೆ ಅವನ ಮುಖದಲ್ಲಿ ಕಳೆ ಇತ್ತು. ನೋಡಿ ಬೀಬೀಜಾನಳಿಗೆ ಸುಮ್ಮನಿದ್ದದ್ದೇ ಒಳ್ಳೆಯದಾಯಿತು ಎನಿಸಿತು.

ಶಂಖವನ್ನು ಓಢಣಿಯ ಮೇಲೆ ಜೋಡಿಸಿ, ಅದೇ ಓಢಣಿಯಲ್ಲಿ ಸುತ್ತಿ ಗಣಿಗೆ ಒಯ್ದರು. ಡಂಪರು ಎದ್ದಿತು. ಸಿಳ್ಳೆ ಹಾಕುತ್ತ ಏರು ಹತ್ತಿತು. ಸೇಠ್ ಎಲ್ಲರಿಗೂ ಚಹಾ ಕುಡಿಸಿದ, ಕೆಮ್ಮಿನ ಗುಸುಗುಸು ನಿಂತಿತು. ಬಂಡೆಪ್ಪ ಸ್ವೀಟ್ ಕಟ್ಟಿಸಿಕೊಂಡು ಬಂದು ಅಕ್ಕನ ಅಡುಗೆ ಮೂಲೆಗೆ ನಮಸ್ಕಾರ ಹಾಕಿ ಹೋದ. ಸ್ವಲ್ಪ ದಿನಗಳ ಮೇಲೆ ಅವನು ಇನ್ನೊಮ್ಮೆ ಬಂದಾಗ ಹೊರಡುವ ಮುಂಚೆ, "ಮಾಮಾ, ನೀಲಿ ಹೊಗಿ ಬರಾಕತ್ತೈತಿ. ಎಣ್ಣಿನೂ ಭಾಳ ತಿಂತೈತಿ," ಎಂದ. ಬುಷ್ ಹೊಸದು, ಕೂಡಿಕೊಳ್ಳಲು ಸ್ವಲ್ಪ ದಿನ ಬೇಕು ಎಂದು ಜಮಾಲಸಾಬ ಹೇಳಿದ. ಮಾಮಾ ಹೇಳಿದ ಮೇಲೆ ಬಂಡೆಪ್ಪನಿಗೆ ಚಿಂತೆ ಉಳಿಯಲಿಲ್ಲ.

ಅದು ನಡೆದದ್ದು ಮಳೆ ಇನ್ನೇನು ಬರಬೇಕು ಎನ್ನುವ ದಿನಗಳಲ್ಲಿ. ಬೀಬೀಜಾನ ಅಲ್ಲಿರಲಿಲ್ಲ. ಗಣಿಯವರು ಹೇಳಿದ್ದನ್ನು ಕೂಡಿಸಿ, ಗಂಡ ಹೇಳದೆ ಬಿಟ್ಟದ್ದನ್ನು ಅವನ ಮುಖದಲ್ಲಿ ಓದಿ ತಿಳಿದುಕೊಂಡಳು. ಬಂಡೆಪ್ಪ ಬಂಡೆ ತುಂಬಿದ ಡಂಪರನ್ನು ಕ್ರಷರಿನ ಅಂಚಿಗೆ ಹಿಂದೆ ಹಿಂದೆ ತರುತ್ತಿದ್ದ. ಶಂಖದಿಂದ ಬರಬಾರದ ಕಡೆಗೆ ಸೋರಿ ಸೋರಿ ಗಾಳಿಯ ಪೈಪಿನಲ್ಲಿ ನಿಂತಿದ್ದ ಎಣ್ಣೆಯನ್ನು ಎಂಜಿನ್ನು ಒಮ್ಮೆಲೇ ಎಳೆದುಕೊಂಡಿತು. ಡೀಸೆಲ್ಲಿನ ಹಂಗು ತೀರಿಸಿಕೊಂಡು ತನ್ನ ಎಣ್ಣೆಯನ್ನೇ ತಾನು ಕುಡಿಯುತ್ತ ಕೂಗತೊಡಗಿತು. ಡೀಸೆಲ್ ನಿಲ್ಲಿಸುವ ಗುಂಡಿಯನ್ನು ಬಂಡೆಪ್ಪ ಎಳೆದೆಳೆದು ನೋಡಿದ, ನಿಲ್ಲಲಿಲ್ಲ. ಕ್ಲಚ್ ಒತ್ತಿದ, ಸವೆದ ಕ್ಲಚ್ಚು ಬಿಡಲಿಲ್ಲ. ಬ್ರೇಕಿನ ಮೇಲೆ ನಿಂತ. ಗಾಲಿಗಳು ಬ್ರೇಕನ್ನೂ ಎಳೆದುಕೊಂಡು ಹಿಂದಕ್ಕೆ ಸರಿದವು.

ಅಂಥ ಎಂಜಿನ್ನನ್ನು ನಿಲ್ಲಿಸುವ ದಾರಿ ಒಂದೇ, ಅದರ ಗಾಳಿಯ ಬಾಯಿ ಮುಚ್ಚಬೇಕು. ಅಲ್ಲಿದ್ದವರಲ್ಲಿ ಅದು ಗೊತ್ತಿದ್ದವನು ಜಮಾಲಸಾಬನೊಬ್ಬನೇ. ಶೆಡ್ಡಿನಿಂದ ಗೋಣಿತಟ್ಟು ಎತ್ತಿಕೊಂಡು ಓಡಿದ. ಅರ್ಧ ದಾರಿಯಲ್ಲಿ ಉಸಿರು ನಿಂತಿತು. ಮೊಣಕಾಲ ಮೇಲೆ ಕೈಯಿಟ್ಟು ಬಗ್ಗಿ, ಬಾಯಿ ಮುಚ್ಚಿರಿ ಅದರದು, ಬಾಯಿ ಮುಚ್ಚಿರಿ ಎಂದು ಕೂಗಿದ. ಆ ಕೂಗು ಅವನ ಹಲ್ಲಿನಾಚೆ ಹೋಗಲಿಲ್ಲ. ಭಾಗವ್ವ ಸುತ್ತಿಗೆ ನಿಲ್ಲಿಸಿ ಮೇಲೆ ನೋಡಿದಳು. ಡಂಪರು ಅವಳ ಕಣ್ಣ ಮುಂದೆಯೇ ಅಂಚು ದಾಟಿ ಕೆಳಗೆ ಬಂತು. ಮೊದಲು ಬಂಡೆಗಳು, ಅವುಗಳ ಮೇಲೆ ಗಾಡಿ. ಬಂಡೆಪ್ಪನನ್ನು ಹೊರಗೆ ತೆಗೆಯಲು ಸಂಜೆಯವರೆಗೂ ಕ್ರೇನಿಗೆ ಕಾದರು.

ಪೊಲೀಸರು ಬಂದು ಬರೆದುಕೊಂಡು ಹೋದರು. ಡ್ರೈವರ್ ಬ್ರೇಕಿನ ಬದಲು ಆಕ್ಸಿಲರೇಟರ್ ಒತ್ತಿದ, ಆದ್ದರಿಂದಲೇ ಎಂಜಿನ್ನು ಹಾಗೆ ಕೂಗಿದ್ದು ಎಂದು ಸೇಠ್ ಹೇಳಿಸಿದ. ಎಲ್ಲರೂ ಕೂಗನ್ನು ಕೇಳಿದ್ದರು, ಆದ್ದರಿಂದ ನಂಬಿದರು. ಡಂಪರು ತುಂಡಾಗಿ ಭಂಗಾರಕ್ಕೆ ಹೋಯಿತು, ಅದರ ಜೊತೆ ಶಂಖವೂ ಹೋಯಿತು. ಗಾಡಿ ಹೊಡೆಯಲು ಬರದವನು ಎಂಬ ಮಾತೊಂದು ಮಾತ್ರ ಗಣಿಯಲ್ಲಿ ಬಂಡೆಪ್ಪನ ಹೆಸರಿಗೆ ಅಂಟಿಕೊಂಡು ಉಳಿಯಿತು. ಭಾಗವ್ವ ಅದನ್ನು ಕೇಳಿಕೊಂಡೇ ಕಲ್ಲು ಒಡೆದಳು.

ಜಮಾಲಸಾಬ ಮತ್ತೆ ಗಣಿಗೆ ಹೋಗಲಿಲ್ಲ. ಮಳೆ ಹಿಡಿದ ಮೇಲೆ ಅವನಿಗೆ ಮಲಗಿದರೆ ಉಸಿರು ಸಿಗದಾಯಿತು. ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದ. ಸರಕಾರಿ ಆಸ್ಪತ್ರೆಯಲ್ಲಿ ಟಿ.ಬಿ. ವಾರ್ಡಿಗೆ ಹಾಕಿದರು. ಎಕ್ಸ್‌ರೇ ಫೋಟೋ ನೋಡಿದ ಡಾಕ್ಟರು, ಇದು ಟಿ.ಬಿ. ಅಲ್ಲ, ಎದೆಯೊಳಗೆ ಕಲ್ಲಿನ ಪುಡಿ ತುಂಬಿದೆ, ತೆಗೆಯಲು ಬರುವುದಿಲ್ಲ ಎಂದು ಬೀಬೀಜಾನಳಿಗೆ ಹೇಳಿದರು. ಅವಳಿಗೆ ಅದು ಹೊಸ ಸುದ್ದಿಯಾಗಿರಲಿಲ್ಲ. ಆ ವಾರ್ಡಿನಿಂದ ಜಮಾಲಸಾಬ ಮನೆಗೆ ಮರಳಲಿಲ್ಲ. ಅವನು ಹೋಗುವುದಕ್ಕೆ ಸ್ವಲ್ಪ ದಿನ ಮುಂಚೆ, ಪಂಚಮಿಯ ದಿನ, ಭಾಗವ್ವ ಆಸ್ಪತ್ರೆಗೆ ಬಂದಳು.

ಅವಳ ಕೈಯಲ್ಲಿ ಅದೇ ಡಬ್ಬಿ ಇತ್ತು. ಮಂಚದ ಆ ಬದಿಗೆ ಕೂತು, ಒದ್ದೆಯಾದ ಸೆರಗು ಹಿಂಡಿಕೊಂಡು, ಸ್ವಲ್ಪ ಹೊತ್ತು ಅವನ ಉಸಿರಾಟವನ್ನು ನೋಡಿದಳು. ಆಮೇಲೆ ಕೇಳಿದಳು.

"ಅಣ್ಣಾರ, ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಅವ್ರು ಖರೇನ ತಪ್ಪು ಒತ್ತಿದ್ರೇನು? ನಿಮಗ ಮಷೀನ ಗೊತ್ತು. ನೀವು ಹೇಳಿದ್ರ ನನ್ನ ಮನಸಿಗೆ ಸಮಾಧಾನ."

ಜಮಾಲಸಾಬ ಬಾಯಿ ಬಿಟ್ಟ. ಒಂದೊಂದು ಮಾತಿಗೂ ನಡುವೆ ಉಸಿರು ಹುಡುಕಬೇಕಾಗಿತ್ತು.

"ನಾನೂ ಅದನ್ನ ಹುಡುಕಾಕತ್ತೀನಿ, ತಂಗಿ. ಇಲ್ಲೇ ಮಕ್ಕೊಂಡು ದಿನಾ ಬಿಚ್ಚತೀನಿ, ದಿನಾ ಜೋಡಸ್ತೀನಿ. ಬುಷ್ ಸರಿ ಇತ್ತು. ಚಕ್ರ ಸರಿ ಇತ್ತು. ಉಳದದ್ದು ಆ ತೂತು ಒಂದ. ಅದು ಮೊದ್ಲ ಸಾಫ್ ಇತ್ತು ಅಂದ್ರ, ನಾ ಕೊರಸಿದ್ದು ಹೆಚ್ಚಾತು. ಎಣ್ಣಿ ಹೆಚ್ಚಾಗಿ ಗಾಳಿಗೆ ಬಂತು. ಹಂಗಿದ್ರ ತಪ್ಪು ಅವಂದಲ್ಲ, ನಂದು."

ಅವನು ಕತ್ತು ತಿರುಗಿಸಿ ಹೆಂಡತಿಯನ್ನು ನೋಡಿದ.

"ಬೀಬಿ, ಆವತ್ತು ನಾ ಕೆಲಸಕ್ಕ ಹೋದಾಗ ನೀ ಆ ಗಂಟು ಬಿಚ್ಚಿದ್ದಿ. ಸಂಜಿಗೆ ನೋಡಿದ್ರ ಗಂಟು ನಿನ್ನ ಕೈದಿತ್ತು, ಬುತ್ತಿ ಗಂಟು. ಊದಿ ನೋಡಿದ್ದೇನು?"

ಅವನು ಅಂದೇ ಗಂಟನ್ನು ಕಂಡಿದ್ದ. ಕಂಡೂ ಕೇಳಿರಲಿಲ್ಲ. ಮಂಚದ ಆಚೆ ಭಾಗವ್ವ ಬೀಬೀಜಾನಳ ಮುಖವನ್ನೇ ನೋಡುತ್ತಿದ್ದಳು. ಹೌದು, ಗಾಳಿ ಹೋಗಿತ್ತು ಎಂದು ಒಂದು ಮಾತು ಹೇಳಿದರೆ ತವರಿನ ತಮ್ಮನ ಹೆಸರು ತೊಳೆದಂತಾಗುತ್ತಿತ್ತು. ಆದರೆ ಅದೇ ಮಾತನ್ನು ಎದೆಯ ಮೇಲೆ ಹೊತ್ತುಕೊಂಡು ಈ ಮನುಷ್ಯ ಉಳಿದ ದಿನಗಳನ್ನು ಕಳೆಯಬೇಕಾಗಿತ್ತು, ಉಸಿರೇ ಹೊರಲಾಗದ ಆ ಎದೆಯ ಮೇಲೆ. ಸತ್ತವನಿಗೆ ಏನೂ ಕೇಳಿಸುವುದಿಲ್ಲ. ಈತನಿಗೆ ಇನ್ನೂ ಕೇಳಿಸುತ್ತದೆ.

"ಹೂಂ ರಿ," ಎಂದಳು. "ಊದಿದ್ದೆ."

"ಹೋತೇನು?"

"ಇಲ್ರಿ. ನನಗೂ ಹೋಗಲಿಲ್ಲ."

ಜಮಾಲಸಾಬ ಕಣ್ಣು ಮುಚ್ಚಿದ. ಅವನ ಹಣೆಯ ಗೆರೆಗಳು ಒಂದೊಂದಾಗಿ ಸಡಿಲವಾದವು. "ಹಂಗಾದ್ರ ಕಟ್ಟಿತ್ತು," ಎಂದ. "ನನ್ನ ಫೂಂಕು ಸುಳ್ಳಾಗಲಿಲ್ಲ." ಆಮೇಲೆ ಆ ವಿಷಯವನ್ನು ಅವನು ಎಂದೂ ಎತ್ತಲಿಲ್ಲ.

ಭಾಗವ್ವ ತಲೆ ಬಗ್ಗಿಸಿ ತನ್ನ ಅಂಗೈಯ ಒಡಕುಗಳನ್ನು ನೋಡಿಕೊಂಡಳು. "ಹಂಗಾದ್ರ ಅವ್ರದ ತಪ್ಪು ಇರಬೇಕು," ಎಂದಳು. ದನಿಯಲ್ಲಿ ದೂರಿರಲಿಲ್ಲ. ಕೇಳಬೇಕಾದದ್ದನ್ನು ಕೇಳಿ ಮುಗಿಸಿದವಳಂತೆ ಡಬ್ಬಿಯ ಮುಚ್ಚಳ ತೆಗೆದಳು. ಸಾವಿನ ಮನೆಯಲ್ಲಿ ಈ ವರ್ಷ ಹಬ್ಬ ಮಾಡುವಂತಿಲ್ಲ, ಆದರೆ ಅಕ್ಕನ ಪಾಲು ತಪ್ಪಬಾರದೆಂದು ಪಕ್ಕದ ಜೋಪಡಿಯವರ ಕೈಯಿಂದ ಉಂಡಿ ಕಟ್ಟಿಸಿಕೊಂಡು ಬಂದೆ ಎಂದಳು.

"ತಗೋರಿ, ಅಕ್ಕಾ. ನಿಮ್ಮ ತವರಿಂದು."

ಬೀಬೀಜಾನ ಕೈ ಚಾಚಿ ಒಂದು ಎಳ್ಳುಂಡಿ ತೆಗೆದುಕೊಂಡಳು. ಆಮೇಲೆ ತಿನ್ನುತ್ತೇನೆ ಎಂದು ಸೆರಗಿಗೆ ಕಟ್ಟಿಕೊಳ್ಳಬಹುದಿತ್ತು. ಆದರೆ ಭಾಗವ್ವ ನೋಡುತ್ತ ಕೂತಿದ್ದಳು, ಪ್ರತಿ ವರ್ಷ ಬಂಡೆಪ್ಪ ನೋಡುತ್ತ ಕೂರುತ್ತಿದ್ದ ಹಾಗೆ. ಬೀಬೀಜಾನ ಅದನ್ನು ಬಾಯಿಗಿಟ್ಟು, ನುಂಗಲಾಗದೆ ನೀರು ಕುಡಿದು, ಪೂರ್ತಿ ತಿಂದಳು.